ಬಿಟ್ಟುಹೋಗಬಲ್ಲ ಜೊತೆಗಾರ

ಬಾಲ್ಡರ್ಸ್ ಗೇಟ್ 3 ಆಟದಲ್ಲಿ ಗಾಬ್ಲಿನ್‌ಗಳ ಜೊತೆ ಸೇರಿ ನಿರಾಶ್ರಿತರ ತೋಪಿನ ಮೇಲೆ ದಾಳಿ ಮಾಡಿ ನೋಡಿ. ಜೊತೆಗಾರರಾದ ಕಾರ್ಲಾಕ್, ವಿಲ್ ಇಬ್ಬರೂ ನಿಮ್ಮನ್ನು ಬಿಟ್ಟು ನಡೆಯುತ್ತಾರೆ. 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್‌ನಲ್ಲಿ ಪವಿತ್ರ ಭಸ್ಮದ ಪಾತ್ರೆಗೆ ಡ್ರ್ಯಾಗನ್ ರಕ್ತ ಸುರಿದರೆ, ಅಷ್ಟು ದಿನ ನಿಮ್ಮ ಗಾಯ ಮಾಯಿಸಿದ ವಿನ್ ಪಕ್ಕದಲ್ಲಿದ್ದರೆ ನಿಮ್ಮ ಮೇಲೆಯೇ ತಿರುಗಿಬೀಳುತ್ತಾಳೆ. ನನ್ನ ಮಟ್ಟಿಗೆ ಜೊತೆಗಾರರ ಹಿರಿಮೆ ಇರುವುದು ಇಲ್ಲೇ. ಎಷ್ಟು ಚೆನ್ನಾಗಿ ಕತ್ತಿ ಬೀಸುತ್ತಾರೆ ಎನ್ನುವುದು ಆಮೇಲಿನ ಮಾತು. ಆಟಗಾರ ಏನೇ ಮಾಡಿದರೂ ತಲೆಯಾಡಿಸುವವರು ಬರೀ ಆಯುಧ. ತಮ್ಮದೇ ಒಂದು ಗೆರೆ ಇಟ್ಟುಕೊಂಡವರು ವ್ಯಕ್ತಿಗಳು.

ಹಾಗಾದರೆ ಕೊನೆಯವರೆಗೂ ದುರ್ಯೋಧನನನ್ನು ಬಿಡದ ಕರ್ಣನೂ ಬರೀ ಆಯುಧವೇ? ಇದು ಗಟ್ಟಿಯಾದ ಆಕ್ಷೇಪ, ಅದರಲ್ಲೂ ನಮ್ಮ ಸೀಮೆಯವರಿಗೆ. ಕಲಬುರಗಿಯ ರೋಜಾದಿಂದ ಸೇಡಂ ದಾರಿ ಹಿಡಿದರೆ ಸಿಗುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅವರ ಸಾಮಂತ ಅರಿಕೇಸರಿಯ ಆಶ್ರಯದಲ್ಲೇ ಪಂಪ ತನ್ನ ಭಾರತ ಬರೆದದ್ದು. ಅರ್ಜುನನೇ ನಾಯಕನಾದ ಕಾವ್ಯದಲ್ಲಿ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎನ್ನುತ್ತಾನೆ ಆತ. ಯಾಕೆ? ಕೃಷ್ಣ ಬಂದು ಹುಟ್ಟಿನ ಗುಟ್ಟು ಬಿಚ್ಚಿಟ್ಟ, ರಾಜ್ಯವೇ ನಿನ್ನದು ಎಂದ. ಹೊರಗೆ ಹೋಗುವ ಬಾಗಿಲು ಹಾರುಹೊಡೆದಿತ್ತು, ಉಳಿದರೆ ಸಾವು ಎಂಬುದೂ ಗೊತ್ತಿತ್ತು. ಅಷ್ಟೆಲ್ಲ ತಿಳಿದು ಉಳಿದವನನ್ನು ಬಾಲಬಡುಕ ಎನ್ನಲಾಗದು. ದ್ರೌಪದಿಯನ್ನು ಎಳೆತಂದ ಸಭೆಯಲ್ಲಿ ಅವನು ತಪ್ಪಿದ್ದಂತೂ ನಿಜ, ಅದಕ್ಕೆ ಮಾಫಿ ಇಲ್ಲ. ಆದರೆ ಆಟಗಳಲ್ಲಿ ನಾಲ್ಕು ಉಡುಗೊರೆ ಕೊಟ್ಟು ಒಲಿಸಿಕೊಳ್ಳುವ ಸ್ನೇಹಕ್ಕೂ ಈ ಸ್ನೇಹಕ್ಕೂ ಎಲ್ಲಿಯ ಹೋಲಿಕೆ?