ಹತಾರಗಳ ಹರಿತ: ಮನೆಯಲ್ಲಿ ಮಸೆಯಲು ಯಾವ ಸಾಧನ?

ಸೂಳೆಕೆರೆಯ ಸುತ್ತಿನ ತೋಟಗಳಲ್ಲಿ ಅಡಿಕೆ ಕೊಯ್ಲು ಹತ್ತಿರ ಬಂದಂತೆ ನಾವು ಒಲೆ, ಹಂಡೆ, ಚಾಪೆ, ಚೊಗರು ಎಲ್ಲವನ್ನೂ ಅಣಿಮಾಡಿಕೊಳ್ಳುತ್ತೇವೆ. ಮೆಟ್ಟುಗತ್ತಿಯ ನೆನಪಾಗುವುದು ಮಾತ್ರ ಸುಲಿಯುವವರು ಬಂದು ಕುಳಿತ ಮೇಲೆಯೇ.

ಕೆಲವು ವರ್ಷಗಳ ಹಿಂದೆ ನಾವೂ ಇದೇ ತಪ್ಪು ಮಾಡಿದೆವು. ಕೊಯ್ಲಿನ ಹಿಂದಿನ ಸಂಜೆ ಹತ್ತು ಮೆಟ್ಟುಗತ್ತಿಗಳನ್ನು ಕರೆಂಟಿನ ಸಾಣೆಚಕ್ರಕ್ಕೆ ಹಿಡಿದು ಅರ್ಧ ಗಂಟೆಯಲ್ಲಿ ಮುಗಿಸಿದೆವು. ಬಾಯಿ ಹೊಳೆಯುತ್ತಿತ್ತು. ಅಂಚಿನಲ್ಲಿ ಸ್ವಲ್ಪ ನೀಲಿ ಬಣ್ಣ ಕಂಡರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರುದಿನ ಮಧ್ಯಾಹ್ನದೊಳಗೆ ಕತ್ತಿಗಳೆಲ್ಲ ಮೊಂಡಾದವು. ಡಬ್ಬದ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಣ್ಣುಮಕ್ಕಳು ಕಾಯನ್ನು ಬಲವಾಗಿ ಒತ್ತತೊಡಗಿದರು. ಕಾಯಿ ಜಾರಿ ಒಬ್ಬಾಕೆಯ ಅಂಗೈ ಸೀಳಿತು. ನಾಲ್ಕು ಹೊಲಿಗೆ, ಧನುರ್ವಾಯುವಿನ ಚುಚ್ಚುಮದ್ದು, ಹತ್ತು ದಿನದ ಕೆಲಸ ನಷ್ಟ. ಆ ದಿನಗಳ ಕೂಲಿಯನ್ನು ನಾವು ಕೊಟ್ಟೆವು. ಆದರೂ ತಪ್ಪು ಆಕೆಯದಲ್ಲ, ನಮ್ಮದು. ಹರಿತವಾದ ಕತ್ತಿಗಿಂತ ಮೊಂಡು ಕತ್ತಿಯೇ ಹೆಚ್ಚು ಅಪಾಯಕಾರಿ ಎಂಬುದನ್ನು ಅಂದು ಕಲಿತೆವು.

ನೀಲಿ ಬಣ್ಣದ ಅರ್ಥವೇನು? ಕಮ್ಮಾರನು ಉಕ್ಕನ್ನು ಕೆಂಪಗೆ ಕಾಯಿಸಿ, ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿ, ಮತ್ತೆ ಹದವಾಗಿ ಬಿಸಿಮಾಡಿ ಅದಕ್ಕೆ ಗಡಸುತನ ಕೊಟ್ಟಿರುತ್ತಾನೆ. ಅದೇ ಉಕ್ಕು ಪುನಃ ಬಿಸಿಯಾದರೆ ಸುಮಾರು ೨೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ತಿಳಿಹಳದಿಗೂ, ೩೦೦ರ ಹತ್ತಿರ ನೀಲಿಗೂ ತಿರುಗುತ್ತದೆ. ನೀಲಿಯಾದ ಭಾಗ ಮೆತ್ತಗಾಯಿತೆಂದೇ ತಿಳಿಯಬೇಕು. ಅದನ್ನು ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಆ ಭಾಗವನ್ನು ತೇಯ್ದು ತೆಗೆಯಬೇಕು, ಇಲ್ಲವೇ ಕುಲುಮೆಗೆ ಒಯ್ದು ಹೊಸದಾಗಿ ಹದ ಹಾಕಿಸಬೇಕು. ತೆಳ್ಳನೆಯ ಅಂಚು ಚಕ್ರದ ಕೆಳಗೆ ಕ್ಷಣಮಾತ್ರದಲ್ಲಿ ಕಾಯುವುದರಿಂದ, ಅಭ್ಯಾಸವಿಲ್ಲದವರು ಕರೆಂಟಿನ ಒಣ ಚಕ್ರವನ್ನು ಕೊಳ್ಳದಿರುವುದೇ ಲೇಸು.

ಹಾಗಾದರೆ ಸಣ್ಣ ಬೆಳೆಗಾರರ ಮನೆಯಲ್ಲಿ ಏನಿರಬೇಕು? ನಮ್ಮ ಅನುಭವದಲ್ಲಿ ಮೂರು ಸಾಧನಗಳು ಸಾಕು.

ಮೊದಲನೆಯದು ಮಸೆಗಲ್ಲು. ಹಿಂದಿನವರು ಬಾವಿಕಟ್ಟೆಯ ಕಲ್ಲಿಗೆ ಕುಡುಗೋಲು ಉಜ್ಜುತ್ತಿದ್ದರು. ಮರದ ಕೊರಡಿನ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿಯೂ ಮಸೆಯುತ್ತಿದ್ದರು. ಬೆಣಚು ಉಕ್ಕಿಗಿಂತ ಗಡಸಾದ್ದರಿಂದ ಆ ಪದ್ಧತಿ ಇಂದಿಗೂ ಕೆಲಸ ಮಾಡುತ್ತದೆ. ಅದಕ್ಕಿಂತಲೂ ಗಡಸಾದ ಕಾರ್ಬೊರಂಡಂ ಅನ್ನು ಅಮೆರಿಕದ ಎಡ್ವರ್ಡ್ ಅಚೆಸನ್ ೧೮೯೧ರಲ್ಲಿ ತಯಾರಿಸಿದರು. ಮದ್ರಾಸಿನಲ್ಲಿ ೧೯೫೪ರಲ್ಲಿ ಇದರ ಕಂಪನಿಯೊಂದು ಸ್ಥಾಪನೆಯಾಯಿತು. ಒಂದು ಬದಿ ದಪ್ಪ ಹರಳು, ಇನ್ನೊಂದು ಬದಿ ಸಣ್ಣ ಹರಳು ಇರುವ ಕಲ್ಲನ್ನೇ ಕೇಳಿ ಪಡೆಯಿರಿ. ಹರಳಿನ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯವೆಂದು ತಿಳಿಯಬೇಕು. ಉದ್ದ ಆರು ಅಂಗುಲಕ್ಕೆ ಕಡಿಮೆ ಇರಬಾರದು.

ಎರಡನೆಯದು ಅರ, ಅಂಗಡಿಯವರು ಫೈಲ್ ಎನ್ನುವುದು. ಮಚ್ಚು, ಕೊಡಲಿ, ಗುದ್ದಲಿಗಳ ಬಾಯಿ ಮುಕ್ಕಾಗಿದ್ದರೆ ಕಲ್ಲಿನಿಂದ ತೇಯುತ್ತ ಕೂರುವುದು ವ್ಯರ್ಥ ಶ್ರಮ. ಎಂಟು ಅಥವಾ ಹತ್ತು ಅಂಗುಲದ ಚಪ್ಪಟೆ ಅರ ಬೇಗ ಕೆಲಸ ಮುಗಿಸುತ್ತದೆ. ಅರ ತೇಯುವುದು ಮುಂದೆ ನೂಕುವಾಗ ಮಾತ್ರ. ಹಿಂದಕ್ಕೆ ತರುವಾಗ ಎತ್ತದಿದ್ದರೆ ಅದರ ಹಲ್ಲುಗಳೇ ಹಾಳಾಗುತ್ತವೆ. ಮರದ ಹಿಡಿ ಇಲ್ಲದ ಅರವನ್ನು ಬಳಸಲೇಬಾರದು, ಅದರ ಚೂಪಾದ ಬಾಲ ಅಂಗೈಗೆ ನಾಟುತ್ತದೆ. ಅರವು ಅಂಚಿನ ಮೇಲೆ ಕಚ್ಚದೆ ಜಾರಿದರೆ ಆ ಉಕ್ಕು ಬಹಳ ಗಡಸು. ಅದಕ್ಕೆ ಕಲ್ಲೇ ಸರಿ.

ಮೂರನೆಯದು ಹಳೆಯ ಚರ್ಮದ ಬೆಲ್ಟಿನ ತುಂಡು. ಅದನ್ನು ಹಲಗೆಗೆ ಮೊಳೆ ಹೊಡೆದು ಇಟ್ಟುಕೊಂಡರೆ ಮಸೆದ ಬಾಯಿಯನ್ನು ಕೊನೆಯಲ್ಲಿ ನಯಮಾಡಲು ಅನುಕೂಲ.

ಮಸೆಯುವ ಕ್ರಮವೂ ಮುಖ್ಯ. ಕಲ್ಲನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಹಾಕಿ, ಕೆಳಗೆ ಒದ್ದೆ ಗೋಣಿ ಹಾಸಿದರೆ ಅದು ಜಾರುವುದಿಲ್ಲ. ಅಡುಗೆ ಎಣ್ಣೆ ಬೇಡ, ಅದು ಅಂಟಾಗಿ ಹರಳುಗಳನ್ನು ಮುಚ್ಚುತ್ತದೆ. ಕೋನ ತಿಳಿಯಲು ಒಂದು ಉಪಾಯವುಂಟು. ಕಾಗದದ ಮೂಲೆ ೯೦ ಡಿಗ್ರಿ. ಅದನ್ನು ಒಮ್ಮೆ ಮಡಿಸಿದರೆ ೪೫, ಮತ್ತೊಮ್ಮೆ ಮಡಿಸಿದರೆ ಇಪ್ಪತ್ತೆರಡೂವರೆ. ಅಡುಗೆಮನೆಯ ಚಾಕುವಿಗೂ ಮೆಟ್ಟುಗತ್ತಿಗೂ ಹೆಚ್ಚುಕಡಿಮೆ ಇದೇ ಕೋನ ಸಾಕು. ಮಚ್ಚಿಗೆ ೩೦ರವರೆಗೆ ಇರಲಿ. ತೀರಾ ತೆಳುವಾದರೆ ಗಟ್ಟಿ ಕೊಂಬೆಗೆ ಹೊಡೆದಾಗ ಬಾಯಿ ಮುರಿಯುತ್ತದೆ. ಒಂದು ಬದಿ ಮಸೆಯುತ್ತ ಹೋದಂತೆ ಇನ್ನೊಂದು ಬದಿಯ ಅಂಚಿನಲ್ಲಿ ಬೆರಳಿಗೆ ನವಿರಾದ ತರಿ ಸಿಗುತ್ತದೆ. ಬೆರಳನ್ನು ಅಂಚಿನುದ್ದಕ್ಕೆ ಎಳೆಯದೆ, ಅಡ್ಡವಾಗಿ ಹೊರಕ್ಕೆ ಸವರಿ ನೋಡಬೇಕು. ತರಿ ಸಿಕ್ಕಿತೆಂದರೆ ಆ ಬದಿಯ ಕೆಲಸ ಮುಗಿಯಿತು. ಇನ್ನೊಂದು ಬದಿಯನ್ನೂ ಹಾಗೆಯೇ ಮಾಡಿ, ನಯವಾದ ಕಲ್ಲಿಗೂ ಚರ್ಮಕ್ಕೂ ಸವರಿ ತರಿಯನ್ನು ಬಿಡಿಸಬೇಕು.

ಕಾಫಿ ಬೆಳೆಯುವ ಸದಸ್ಯರಿಗೆ ಒಂದು ಮಾತು. ಗಿಡ ಕಸಿಮಾಡುವ ಕತ್ತರಿಯ ಅಲಗಿನಲ್ಲಿ ಇಳಿಜಾರಾದ ಹೊರಬದಿಯನ್ನು ಮಾತ್ರ ಮಸೆಯಬೇಕು. ಚಪ್ಪಟೆ ಬದಿಯನ್ನು ಮಸೆದರೆ ಅಲಗುಗಳ ನಡುವೆ ಸಂದು ಬಿದ್ದು, ರೆಂಬೆ ಕತ್ತರಿಸದೆ ಜಜ್ಜಿಹೋಗುತ್ತದೆ. ಗಾಯ ಬೇಗ ಮಾಯುವುದಿಲ್ಲ. ಗರಗಸಕ್ಕೆ ಮುಮ್ಮೂಲೆಯ ಅರವೇ ಬೇಕು. ಭತ್ತ ಕೊಯ್ಯುವ ಹಲ್ಲುಕುಡುಗೋಲನ್ನು ಸಾದಾ ಕುಡುಗೋಲಿನಂತೆ ಕಲ್ಲಿಗೆ ಉಜ್ಜಿದರೆ ಹಲ್ಲುಗಳೇ ಸವೆದುಹೋಗುತ್ತವೆ.

ಈ ಮೂರು ಸಾಧನಗಳಿಗೆ ತಗಲುವ ವೆಚ್ಚ ದೊಡ್ಡದೇನಲ್ಲ, ಜೋಪಾನ ಮಾಡಿದರೆ ವರ್ಷಗಟ್ಟಲೆ ಬಾಳುತ್ತವೆ. ಕೊಯ್ಲಿಗೆ ವಾರ ಮೊದಲೇ ಎಲ್ಲ ಕತ್ತಿಗಳನ್ನು ಮಸೆದಿಟ್ಟು, ಸುಲಿಯುವ ದಿನಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೊಮ್ಮೆ ನಯವಾದ ಕಲ್ಲಿಗೆ ಹಿಡಿಯಿರಿ. ಒಂದು ಕತ್ತಿಗೆ ಎರಡು ನಿಮಿಷ ಸಾಕು. ಆ ಎರಡು ನಿಮಿಷವನ್ನು ಉಳಿಸಲು ಹೋಗಿ ನಾವು ಒಬ್ಬಾಕೆಯ ಹತ್ತು ದಿನಗಳನ್ನು ಕಳೆದೆವು. ಸದಸ್ಯ ಬಾಂಧವರು ಹಾಗೆ ಮಾಡದಿರಲಿ.