ಪಾಲಕರಿಗೆ ದಂಡ, ಹುಡುಗನಿಗೇನು?

ಯಲಹಂಕದಿಂದ ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆ, ಹೆಬ್ಬಾಳದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆ ಎರಡೂ ವ್ಹೀಲಿಂಗ್ ಹುಡುಗರಿಗೆ ಹೇಳಿ ಮಾಡಿಸಿದಂತಿವೆ. ಸಿಕ್ಕಿಬೀಳುವವರಲ್ಲಿ ಹದಿನೆಂಟು ತುಂಬದವರೂ ಇರುತ್ತಾರೆ. ಆಮೇಲೆ ನಡೆಯುವುದು ಎಲ್ಲರಿಗೂ ಗೊತ್ತು: ಬೈಕ್ ಜಪ್ತಿ, ಅಪ್ಪನಿಗೆ ಠಾಣೆಯಿಂದ ಫೋನು, ಒಂದು ಮುಚ್ಚಳಿಕೆ, ಕೋರ್ಟಿನಲ್ಲಿ 25 ಸಾವಿರ ರೂಪಾಯಿ ದಂಡ. ಸುದ್ದಿ ಓದಿದವರಲ್ಲಿ ಅರ್ಧ ಜನ ‘ಹೀಗೇ ಆಗಬೇಕು’ ಅನ್ನುತ್ತಾರೆ, ಇನ್ನರ್ಧ ಜನ ‘ಇಷ್ಟು ಸಾಲದು, ಒಳಗೆ ಹಾಕಬೇಕು’ ಅನ್ನುತ್ತಾರೆ. ದಂಡ ಕಟ್ಟಿದ್ದು ಅಪ್ಪ, ಹುಡುಗ ಏನು ಮಾಡಿದ ಎಂದು ಯಾರೂ ಕೇಳುವುದಿಲ್ಲ. ತಪ್ಪು ಮಾಡಿದ ಎಳೆಯರ ವಿಷಯದಲ್ಲಿ ನಮ್ಮ ಕಾನೂನು ಮೆತ್ತಗಿದೆ ಎಂಬುದು ಜನಪ್ರಿಯ ದೂರು. ನನಗೆ ಕಾಣುವ ದೋಷ ಬೇರೆ. ಬೈದು ಕಳಿಸುವುದಕ್ಕೂ ಕೂಡಿಹಾಕುವುದಕ್ಕೂ ನಡುವೆ ಕಾನೂನು ಹೇಳಿರುವ ಕೆಲಸಗಳು ಬಹಳಷ್ಟಿವೆ; ಅವನ್ನು ಮಾಡುವ ಜನವೇ ಅಲ್ಲಿಲ್ಲ.

ಮೊದಲು ಆ 25 ಸಾವಿರದ ಲೆಕ್ಕ ನೋಡೋಣ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ಅಪರಾಧ ಎಸಗಿದರೆ ಪಾಲಕ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ, 25 ಸಾವಿರ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಕಲಿಕಾ ಲೈಸೆನ್ಸ್ ಇಲ್ಲ. ಬೈಕಿನ ಕೀಲಿ ಕೊಟ್ಟವರಿಗೆ ಬಿಸಿ ಮುಟ್ಟಿಸುವುದು ಸರಿಯೇ. ಅಪಘಾತವಾದರೆ ವಿಮಾ ಕಂಪನಿ ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಆ ಮಾಲೀಕನಿಂದಲೇ ವಸೂಲು ಮಾಡುವುದೂ ಉಂಟು. ಆದರೆ ಲೈಸೆನ್ಸಿನ ನಿಯಮವನ್ನು ಈ ಭಾಗದ ಬದುಕಿಗೆ ಹೊಂದಿಸಿ ನೋಡಿ. ದೊಡ್ಡಬಳ್ಳಾಪುರದ ಕಾರ್ಖಾನೆಗಳ ಪಾಳಿಗೆ ಹೋಗಲಿ, ನಗರದಲ್ಲಿ ಡೆಲಿವರಿ ಕೆಲಸಕ್ಕೆ ಸೇರಲಿ, ಇಲ್ಲಿನ ಯುವಕನಿಗೆ ಬೈಕೇ ಕಾಲು. ಹದಿನಾರರಲ್ಲಿ ಸಿಕ್ಕಿಬಿದ್ದವನು ಒಂಬತ್ತು ವರ್ಷ ಗಾಡಿ ಮುಟ್ಟದೆ ಇರುತ್ತಾನೆಯೇ? ಇರಲಾರ. ಲೈಸೆನ್ಸ್ ಇಲ್ಲದೆ, ವಿಮೆಯ ರಕ್ಷಣೆಯಿಲ್ಲದೆ ಓಡಿಸುತ್ತಾನೆ. ಒಂದು ಸಂಜೆಯ ಹುಚ್ಚಾಟಕ್ಕೆ ಕೊಟ್ಟ ಶಿಕ್ಷೆ ಅವನನ್ನು ದಿನನಿತ್ಯ ಕಾನೂನು ಮುರಿಯುವವನನ್ನಾಗಿ ಮಾಡುತ್ತದೆ. ಇನ್ನು ದಂಡ: ಉಳ್ಳವರಿಗೆ ಅದು ಕೈಖರ್ಚು, ಗಾರ್ಮೆಂಟ್ಸ್ ಕೆಲಸದ ತಾಯಿಗೆ ತಿಂಗಳ ಸಂಬಳಕ್ಕೂ ಹೆಚ್ಚು.

2016ರ ಜನವರಿ 15ರಿಂದ ಜಾರಿಯಲ್ಲಿರುವ ಬಾಲನ್ಯಾಯ ಕಾಯ್ದೆ ಇದಕ್ಕಿಂತ ವಿವೇಕದ್ದು. ಅದರ ಪ್ರಕಾರ ಹುಡುಗನನ್ನು ಲಾಕಪ್ಪಿಗೆ ಹಾಕುವಂತಿಲ್ಲ. ವಶಕ್ಕೆ ಪಡೆದರೆ 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಮತ್ತೆರಡು ತಿಂಗಳು ವಿಸ್ತರಿಸಬಹುದು. ತಪ್ಪು ಸಾಬೀತಾದರೆ ಬುದ್ಧಿಮಾತು, ಗುಂಪು ಆಪ್ತಸಮಾಲೋಚನೆ, ಸಮುದಾಯ ಸೇವೆ, ದಂಡ, ಪರಿವೀಕ್ಷಣೆಯ ಷರತ್ತಿನ ಬಿಡುಗಡೆ, ಕೊನೆಗೆ ಗರಿಷ್ಠ ಮೂರು ವರ್ಷ ವಿಶೇಷ ಗೃಹ ಹೀಗೆ ಮೆಟ್ಟಿಲುಗಳಿವೆ. ಓದಲು ಚೆನ್ನಾಗಿದೆ. ಆದರೆ ವ್ಹೀಲಿಂಗ್ ಮಾಡಿದ ಹುಡುಗನನ್ನು ಆಸ್ಪತ್ರೆಯ ಅಪಘಾತ ವಿಭಾಗದಲ್ಲಿ ಹತ್ತು ಭಾನುವಾರ ಸ್ಟ್ರೆಚರ್ ತಳ್ಳಲು ಹಚ್ಚಬೇಕಾದರೆ, ಅವನು ಬಂದನೇ ಎಂದು ನೋಡಲು ಒಬ್ಬರು ಬೇಕು, ಅವನ ಮನೆಗೆ ಹೋಗಿ ಶಾಲೆ ಯಾಕೆ ಬಿಟ್ಟ ಎಂದು ವಿಚಾರಿಸಲು ಒಬ್ಬರು ಬೇಕು. ಪರಿವೀಕ್ಷಣಾಧಿಕಾರಿಯ ಕೆಲಸವೇ ಅದು. ಅವರಿಲ್ಲದ ಕಡೆ ಸಮುದಾಯ ಸೇವೆಯ ಆದೇಶ ಬರೀ ಕಾಗದ.

ಈ ಕೊರತೆ ಊಹೆಯದಲ್ಲ. 2025ರ ನವೆಂಬರಿನಲ್ಲಿ ಹೊರಬಂದ ಇಂಡಿಯಾ ಜಸ್ಟಿಸ್ ರಿಪೋರ್ಟ್ ಅಧ್ಯಯನದ ಪ್ರಕಾರ, ದೇಶದಲ್ಲಿ ಮಾಹಿತಿ ಸಿಕ್ಕ 362 ಮಂಡಳಿಗಳಲ್ಲಿ 2023ರ ಅಕ್ಟೋಬರ್ ಕೊನೆಗೆ ಶೇ 55ರಷ್ಟು ಪ್ರಕರಣಗಳು ಬಾಕಿ ಇದ್ದವು. ಸುಮಾರು ನಾಲ್ಕರಲ್ಲಿ ಒಂದು ಮಂಡಳಿಗೆ ಪೂರ್ಣ ಪೀಠವೇ ಇರಲಿಲ್ಲ. ಕರ್ನಾಟಕದ ಬಾಕಿ ಶೇ 35. ಒಡಿಶಾದ ಶೇ 83ರ ಎದುರು ನಾವು ಬೀಗಬಹುದೇನೋ. ಆದರೆ ಹದಿನಾರರ ಹುಡುಗನ ಪ್ರಕರಣ ಹದಿನೆಂಟು ದಾಟಿದ ಮೇಲೆ ತೀರ್ಮಾನವಾದರೆ, ಮಾಡಿದ್ದಕ್ಕೂ ಅನುಭವಿಸಿದ್ದಕ್ಕೂ ಅವನ ಮನಸ್ಸಿನಲ್ಲಿ ನಂಟೇ ಉಳಿದಿರುವುದಿಲ್ಲ. ಆ ವಯಸ್ಸಿಗೆ ದೊಡ್ಡ ಶಿಕ್ಷೆಗಿಂತ ಬೇಗ ಬರುವ ಶಿಕ್ಷೆ ನಾಟುತ್ತದೆ.

ಇಲ್ಲಿ ಪುಣೆಯನ್ನು ಎತ್ತಿ ಆಕ್ಷೇಪಿಸುವವರಿದ್ದಾರೆ. 2024ರ ಮೇ 19ರಂದು ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡಿತು. ಕೆಲವೇ ಗಂಟೆಗಳಲ್ಲಿ ಜಾಮೀನು, ಜೊತೆಗೆ 300 ಪದಗಳ ಪ್ರಬಂಧ ಬರೆಯುವ ಷರತ್ತು. ದೇಶ ಕೆರಳಿದ್ದು ಸಹಜ. ಆದರೆ ಆ ಆದೇಶ ಕೊಟ್ಟವರು ಮಂಡಳಿಯ ಒಬ್ಬರೇ ಸದಸ್ಯರು. ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ಬಂಧನಕ್ಕೊಳಗಾದವರು ವಯಸ್ಕರು: ವೈದ್ಯರು, ಹೆತ್ತವರು. ಕಾಯ್ದೆ ಸಡಿಲವಿದ್ದುದರಿಂದ ಅಲ್ಲಿ ನ್ಯಾಯ ಎಡವಿತೆನ್ನಲಾಗದು. ಅದನ್ನು ನಡೆಸಬೇಕಾದ ವ್ಯವಸ್ಥೆ ಪೊಳ್ಳಾಗಿತ್ತು, ಹಣವಂತರಿಗೆ ಬಾಗುವಂತಿತ್ತು. ಬಾಲನ್ಯಾಯದ ವಯಸ್ಸಿನ ಮಿತಿ ಇಳಿಸಿದರೆ ಈ ಪೊಳ್ಳು ತುಂಬುವುದಿಲ್ಲ. ಅಷ್ಟೇ ಪೊಳ್ಳಾದ ವ್ಯವಸ್ಥೆಗೆ ಬಡವರ ಮಕ್ಕಳು ಇನ್ನಷ್ಟು ಸಿಗುತ್ತಾರೆ.

ಅತ್ಯಾಚಾರ, ಕೊಲೆಗಳ ಮಾತೇನು ಎಂಬ ಪ್ರಶ್ನೆ ಇದಕ್ಕಿಂತ ಭಾರದ್ದು. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ಆರು ಆರೋಪಿಗಳಲ್ಲಿ ಒಬ್ಬ ಅಪ್ರಾಪ್ತನಾಗಿದ್ದ. ಮೂರು ವರ್ಷದ ನಂತರ ಅವನು ಹೊರಬಂದ ವಾರವೇ ರಾಜ್ಯಸಭೆ ಇದೇ ಬಾಲನ್ಯಾಯ ಕಾಯ್ದೆಯನ್ನು ಅಂಗೀಕರಿಸಿತು. ಆ ಪ್ರಕಾರ ಕನಿಷ್ಠ ಏಳು ವರ್ಷ ಶಿಕ್ಷೆಯ ಘೋರ ಅಪರಾಧ ಎಸಗಿದ 16–18ರ ಹುಡುಗನನ್ನು, ಪ್ರಾಥಮಿಕ ಮೌಲ್ಯಮಾಪನದ ನಂತರ, ವಯಸ್ಕನಂತೆ ವಿಚಾರಿಸಬಹುದು. ಅಂದರೆ ಬಾಗಿಲು ಆಗಲೇ ತೆರೆದಿದೆ. ಈ ಮೌಲ್ಯಮಾಪನ ನಾಜೂಕಿನ ಕೆಲಸ, ಮಂಡಳಿಯಲ್ಲಿ ಮನಃಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಬೆಂಗಳೂರಿಗೆ ಈ ವಿಷಯದಲ್ಲಿ ನೆಪವಿಲ್ಲ: ಬಾಲಕರ ವೀಕ್ಷಣಾಲಯವೂ ನಿಮ್ಹಾನ್ಸೂ ಒಂದೇ ಹೊಸೂರು ರಸ್ತೆಯ ಆಸುಪಾಸಿನಲ್ಲಿವೆ. ಸಂಖ್ಯೆಯನ್ನೂ ಮರೆಯಬಾರದು. 2022ರಲ್ಲಿ ದೇಶದಾದ್ಯಂತ ಅಪ್ರಾಪ್ತರ ಮೇಲೆ ದಾಖಲಾದ ಪ್ರಕರಣ 30,555. ಅದೇ ವರ್ಷ ದಂಡಸಂಹಿತೆಯಡಿ ದಾಖಲಾದವು 35 ಲಕ್ಷಕ್ಕೂ ಹೆಚ್ಚು. ಆ ಸಾವಿರಾರು ಹುಡುಗರಿಗೆ ಮೀಸಲಾದ ಕಾನೂನನ್ನು ಒಂದೆರಡು ಭೀಕರ ಮುಖಗಳನ್ನು ಮುಂದಿಟ್ಟುಕೊಂಡು ಬರೆಯಬಾರದು.

ಜೈಲು ಹುಡುಗರನ್ನು ತಿದ್ದುತ್ತದೆ ಎಂಬುದಕ್ಕೆ ಪುರಾವೆ ಎದುರು ದಿಕ್ಕಿನಲ್ಲೇ ಇದೆ. ಅಮೆರಿಕ ದಶಕಗಳ ಕಾಲ ಹದಿಹರೆಯದವರನ್ನು ದೊಡ್ಡವರ ಕೋರ್ಟಿಗೆ ಕಳಿಸಿತು. 2007ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ತಜ್ಞರ ತಂಡ ಅಧ್ಯಯನಗಳನ್ನೆಲ್ಲ ಜಾಲಾಡಿ, ಹಾಗೆ ಹೋದವರು ಬಾಲನ್ಯಾಯದಲ್ಲೇ ಉಳಿದವರಿಗಿಂತ ಮತ್ತೆ ಹೆಚ್ಚು ಹಿಂಸೆಗಿಳಿದರು ಎಂದು ಕಂಡುಕೊಂಡಿತು. ನಮ್ಮಲ್ಲಿ ಹುಡುಗರು ಕಾನೂನನ್ನು ಮೀರಿಯೇ ಜೈಲು ಸೇರುತ್ತಾರೆ. 2016ರಿಂದ 2021ರ ನಡುವೆ ಕನಿಷ್ಠ 9,681 ಮಕ್ಕಳು ತಪ್ಪಾಗಿ ವಯಸ್ಕರ ಜೈಲುಗಳಲ್ಲಿದ್ದರು ಎಂದು ಐಪ್ರೊಬೊನೊ ಸಂಸ್ಥೆ ಮಾಹಿತಿ ಹಕ್ಕಿನಡಿ ಪಡೆದ ಉತ್ತರಗಳಿಂದ ಲೆಕ್ಕ ತೆಗೆಯಿತು, ಅದೂ ಅರ್ಧದಷ್ಟು ಜೈಲುಗಳು ಮಾತ್ರ ಉತ್ತರಿಸಿದಾಗ. ಕಾನೂನು ಮೆದು ಎನ್ನುವವರು ಈ ಅಂಕಿಯನ್ನು ಎದುರಿಸಬೇಕು.

ಪುಡಿ ರೌಡಿಗಳು ಹುಡುಗರನ್ನು ಮುಂದೆ ಬಿಡುತ್ತಾರೆ, ಶಿಕ್ಷೆ ಕಡಿಮೆಯೆಂದು ಗೊತ್ತಿರುವುದರಿಂದಲೇ ಎಂಬ ಪೊಲೀಸರ ಮಾತಿನಲ್ಲಿ ಹುರುಳಿದೆ. ಆದರೆ ಹಾಗೆ ಮಕ್ಕಳನ್ನು ಬಳಸಿಕೊಳ್ಳುವ ವಯಸ್ಕನಿಗೆ ಏಳು ವರ್ಷದವರೆಗೆ ಕಠಿಣ ಸೆರೆ, ಐದು ಲಕ್ಷ ರೂಪಾಯಿ ದಂಡ ಎಂದು ಇದೇ ಕಾಯ್ದೆಯ 83ನೇ ಕಲಮು ಹೇಳುತ್ತದೆ. ಹುಡುಗನ ವಯಸ್ಸು ಇಳಿಸಿ ಎನ್ನುವ ಮೊದಲು ಆ ಕಲಮನ್ನು ಬಳಸಲಿ.

ರಾಜಾನುಕುಂಟೆಯಂಥ ಊರಿಗೆ ಬೇಕಿರುವುದು ಹೊಸ ಕಾಯ್ದೆಯಲ್ಲ. ಪ್ರತಿ ಠಾಣೆಯಲ್ಲಿ ಇರಲೇಬೇಕಾದ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಬೇರೆ ಹೊರೆ ಹೊರಿಸದಿರಲಿ. ಯಲಹಂಕ, ದೊಡ್ಡಬಳ್ಳಾಪುರದ ಭಾಗಕ್ಕೆ ಸಾಕಷ್ಟು ಪರಿವೀಕ್ಷಣಾಧಿಕಾರಿಗಳನ್ನು ಸರ್ಕಾರ ನೇಮಿಸಲಿ. 25 ತುಂಬುವವರೆಗಿನ ಲೈಸೆನ್ಸ್ ನಿಷೇಧವನ್ನು, ಸಮುದಾಯ ಸೇವೆ ಮುಗಿಸಿದವರಿಗೆ ಸಡಿಲಿಸುವಂತೆ ಸಂಸತ್ತು ತಿದ್ದಲಿ. ಮುಂದಿನ ಸಲ ಮತ ಕೇಳಿಕೊಂಡು ಬಂದವರ ಮುಂದೆ ನಮ್ಮ ಭಾಗಕ್ಕೆ ಎಷ್ಟು ಪರಿವೀಕ್ಷಣಾಧಿಕಾರಿಗಳಿದ್ದಾರೆ ಎಂಬ ಪ್ರಶ್ನೆಯನ್ನು ಓದುಗರೇ ಇಡಬೇಕು.