ಲಿಥಿಯಂ ಬ್ಯಾಟರಿ ಸಾಗಿಸುವ ಮುನ್ನ

ಸಿಂಪರಣಾ ಯಂತ್ರದ ಲಿಥಿಯಂ ಬ್ಯಾಟರಿಯನ್ನು ರಿಪೇರಿಗೆಂದು ಪಾರ್ಸೆಲ್ ಮಾಡುವ ಮುನ್ನ ಒಮ್ಮೆ ಅದರ ಮೈ ನೋಡಿರಿ. ವಿಶ್ವಸಂಸ್ಥೆಯ ಸಾಗಾಣಿಕೆ ನಿಯಮಗಳಂತೆ ಇದು 9ನೆಯ ವರ್ಗದ ಅಪಾಯಕಾರಿ ಸರಕು. ಬಿಡಿ ಬ್ಯಾಟರಿಯ ಸಂಖ್ಯೆ 3480. ಯಂತ್ರದೊಳಗೆ ಅಥವಾ ಯಂತ್ರದ ಜೊತೆಗಿದ್ದರೆ 3481. 12 ವೋಲ್ಟ್, 8 ಆಂಪಿಯರ್-ಗಂಟೆಯದಾದರೆ ಗುಣಿಸಿರಿ: 96 ವ್ಯಾಟ್-ಗಂಟೆ. 100 ಮೀರಿದರೆ ಕಟ್ಟುಪಾಡು ಬಿಗಿ.

ಮಾದರಿ ಬ್ಯಾಟರಿಗಳನ್ನು 72 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 6 ಗಂಟೆ, ಶೂನ್ಯಕ್ಕಿಂತ 40 ಡಿಗ್ರಿ ಕೆಳಗೆ 6 ಗಂಟೆ, ಹೀಗೆ 10 ಸಲ ಇಡುತ್ತಾರೆ. ಅಲುಗಿಸಿ, ಧಕ್ಕೆ ಕೊಟ್ಟು, ಶಾರ್ಟ್ ಮಾಡಿಯೂ ನೋಡುತ್ತಾರೆ. ಸೋರಬಾರದು, ಒಡೆಯಬಾರದು, ಹೊತ್ತಿಕೊಳ್ಳಬಾರದು. ಆದರೆ ಪೇಟೆಯಲ್ಲಿ ಬಿಚ್ಚಿ ಸೆಲ್ ಬದಲಿಸಿದ ಪ್ಯಾಕಿಗೆ ಆ ಪರೀಕ್ಷೆಯ ಭರವಸೆ ಉಳಿಯದು. ಉಬ್ಬಿದ್ದು ವಿಮಾನಕ್ಕಂತೂ ನಿಷಿದ್ಧ. ಬಸ್ಸಿಗೂ ಹಾಕಬೇಡಿರಿ, ಮೊದಲು ಮಾರಿದವರಿಗೆ ತಿಳಿಸಿರಿ.